ತಾಮ್ರದ ಗಣಿ: ಅದಿರಿನಲ್ಲಿರುವ ಲೋಹವೆಲ್ಲ ಏಕೆ ಕೈಗೆ ಸಿಗುವುದಿಲ್ಲ?

ಹೊಸ ತಾಮ್ರದ ನಿಕ್ಷೇಪ ಪತ್ತೆಯಾಗಿದೆ ಎಂಬ ಸುದ್ದಿ ಬಂದಾಗ ಎಲ್ಲರ ಕಣ್ಣು ಹೋಗುವುದು ಎರಡು ಅಂಕಿಗಳ ಮೇಲೆ. ಎಷ್ಟು ಟನ್ ಅದಿರು ಇದೆ? ಅದರಲ್ಲಿ ಶೇಕಡಾ ಎಷ್ಟು ತಾಮ್ರವಿದೆ? ಗಣಿ ಎಂಜಿನಿಯರುಗಳು ಇವುಗಳ ಜೊತೆಗೆ ಮೂರನೆಯ ಪ್ರಶ್ನೆಯೊಂದನ್ನು ಕೇಳುತ್ತಾರೆ: ಆ ತಾಮ್ರ ಯಾವ ಖನಿಜದ ರೂಪದಲ್ಲಿದೆ? ಸುದ್ದಿಯಲ್ಲಿ ಅಪರೂಪಕ್ಕೆ ಕಾಣಿಸುವ ಈ ಪ್ರಶ್ನೆಯ ಉತ್ತರವೇ ಗಣಿಗೆ ಯಾವ ಯಂತ್ರ ಬೇಕು, ಎಷ್ಟು ಖರ್ಚಾಗುತ್ತದೆ, ಕೊನೆಗೆ ಎಷ್ಟು ಲೋಹ ಕೈಗೆ ಬರುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ವಿದ್ಯುತ್ ತಂತಿ, ಮೋಟಾರು, ಎಲೆಕ್ಟ್ರಿಕ್ ವಾಹನ, ಸೌರ ಘಟಕ ಎಲ್ಲಕ್ಕೂ ತಾಮ್ರ ಬೇಕು. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲೂ ತಾಮ್ರವಿದೆ. ಹಾಗಾಗಿ ಅದಿರಿನೊಳಗಿನ ಖನಿಜದ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಇಲ್ಲಿದೆ ಪೂರ್ಣ ವಿವರ.

ಗ್ರೇಡ್ ಬೇರೆ, ರಿಕವರಿ ಬೇರೆ

ಅದಿರಿನಲ್ಲಿ ಶೇಕಡಾ ಎಷ್ಟು ತಾಮ್ರವಿದೆ ಎಂಬುದು ಗ್ರೇಡ್. ಆ ತಾಮ್ರದಲ್ಲಿ ಶೇಕಡಾ ಎಷ್ಟು ಪಾಲನ್ನು ನಿಜವಾಗಿ ಹೊರತೆಗೆಯಬಹುದು ಎಂಬುದು ರಿಕವರಿ. ಈ ಎರಡನ್ನೂ ಗುಣಿಸಿದರೆ ಮಾತ್ರ ಗಣಿಯ ನಿಜವಾದ ಉತ್ಪನ್ನ ಗೊತ್ತಾಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಎರಡು ಗಣಿಗಳಿವೆ. ಎರಡರಲ್ಲೂ ಅದಿರಿನ ಗ್ರೇಡ್ ಶೇ. 1. ಅಂದರೆ 1,000 ಟನ್ ಅದಿರಿನಲ್ಲಿ 10 ಟನ್ ತಾಮ್ರವಿದೆ. ಮೊದಲ ಗಣಿಯಲ್ಲಿ ತಾಮ್ರವೆಲ್ಲ ಸಲ್ಫೈಡ್ ಖನಿಜದಲ್ಲಿದೆ, ಶೇ. 90ರಷ್ಟು ರಿಕವರಿ ಸಿಗುತ್ತದೆ ಎಂದುಕೊಳ್ಳೋಣ. ಆಗ 9 ಟನ್ ಕೈಗೆ ಬಂತು.

ಎರಡನೆಯ ಗಣಿಯಲ್ಲಿ 7 ಟನ್ ಸಲ್ಫೈಡ್ ರೂಪದಲ್ಲಿದೆ, ಉಳಿದ 3 ಟನ್ ಆಕ್ಸೈಡ್ ರೂಪದಲ್ಲಿದೆ. ಅದೇ ಯಂತ್ರದಲ್ಲಿ ಸಲ್ಫೈಡ್‌ನಿಂದ 6.3 ಟನ್ ಸಿಗುತ್ತದೆ. ಆ ಯಂತ್ರಕ್ಕೆ ಒಗ್ಗದ ಆಕ್ಸೈಡ್‌ನಲ್ಲಿ ಐದನೇ ಒಂದು ಪಾಲು ಮಾತ್ರ ಸಿಕ್ಕಿತು ಎಂದರೆ 0.6 ಟನ್. ಒಟ್ಟು 6.9 ಟನ್. ಎರಡೂ ಗಣಿಗಳ ಗ್ರೇಡ್ ಒಂದೇ, ಆದರೆ ಪ್ರತಿ 1,000 ಟನ್‌ಗೆ 2.1 ಟನ್ ತಾಮ್ರದ ವ್ಯತ್ಯಾಸ. ದಿನಕ್ಕೆ 10,000 ಟನ್ ಅದಿರು ಅರೆಯುವ ಘಟಕದಲ್ಲಿ ಇದು ದಿನಕ್ಕೆ 21 ಟನ್ ನಷ್ಟ. ಅಗೆಯುವ, ಸಾಗಿಸುವ, ಅರೆಯುವ ಖರ್ಚು ಮಾತ್ರ ಎರಡೂ ಕಡೆ ಒಂದೇ.

ತಾಮ್ರ ಅಡಗಿರುವ ಖನಿಜಗಳು ಯಾವುವು?

ಭೂಮಿಯಲ್ಲಿ ಶುದ್ಧ ಲೋಹವಾಗಿಯೇ ಸಿಗುವ ತಾಮ್ರ ಬಹಳ ಕಡಿಮೆ. ಅಮೆರಿಕದ ಮಿಷಿಗನ್ ರಾಜ್ಯದ ಕೀವಿನಾ ಪ್ರದೇಶ ಇದಕ್ಕೆ ಪ್ರಸಿದ್ಧ ಅಪವಾದ. ಉಳಿದೆಡೆ ತಾಮ್ರವು ಗಂಧಕ, ಆಮ್ಲಜನಕ, ಕಬ್ಬಿಣ, ಸಿಲಿಕಾ ಮುಂತಾದವುಗಳ ಜೊತೆ ಬೆರೆತಿರುತ್ತದೆ. ಮುಖ್ಯವಾದವು ಇವು:

- ಚಾಲ್ಕೋಪೈರೈಟ್: ತಾಮ್ರ, ಕಬ್ಬಿಣ, ಗಂಧಕ ಸೇರಿದ ಹಿತ್ತಾಳೆ ಬಣ್ಣದ ಖನಿಜ. ಶುದ್ಧ ರೂಪದಲ್ಲಿ ಶೇ. 34.6ರಷ್ಟು ತಾಮ್ರ. ಜಗತ್ತಿನ ತಾಮ್ರದ ಬಹುಪಾಲು ಇರುವುದು ಇದರಲ್ಲೇ.
- ಬೋರ್ನೈಟ್: ನವಿಲುಗರಿಯಂತೆ ಬಣ್ಣ ಬದಲಿಸುವ ಸಲ್ಫೈಡ್. ಸುಮಾರು ಶೇ. 63 ತಾಮ್ರ.
- ಚಾಲ್ಕೋಸೈಟ್: ಕಪ್ಪು ಬೂದು ಬಣ್ಣದ ಸಲ್ಫೈಡ್. ಸುಮಾರು ಶೇ. 80 ತಾಮ್ರ.
- ಕೋವೆಲೈಟ್: ಕಡುನೀಲಿ ಸಲ್ಫೈಡ್. ಸುಮಾರು ಶೇ. 66 ತಾಮ್ರ.
- ಮ್ಯಾಲಕೈಟ್, ಅಜುರೈಟ್: ಹಸಿರು ಮತ್ತು ನೀಲಿ ಕಾರ್ಬೊನೇಟ್‌ಗಳು. ಸುಮಾರು ಶೇ. 55ರಿಂದ 57 ತಾಮ್ರ.
- ಕ್ಯುಪ್ರೈಟ್: ಕೆಂಪು ಆಕ್ಸೈಡ್. ಸುಮಾರು ಶೇ. 89 ತಾಮ್ರ.
- ಕ್ರಿಸೊಕೊಲ್ಲಾ: ನೀಲಿ ಹಸಿರು ಸಿಲಿಕೇಟ್. ತಾಮ್ರದ ಪ್ರಮಾಣ ಒಂದೊಂದು ಕಡೆ ಒಂದೊಂದು ರೀತಿ.
- ಎನಾರ್ಗೈಟ್: ತಾಮ್ರದ ಜೊತೆ ಆರ್ಸೆನಿಕ್ ಇರುವ ಸಲ್ಫೈಡ್. ಶೇ. 48 ತಾಮ್ರ, ಶೇ. 19 ಆರ್ಸೆನಿಕ್.

ಗಣಿ ಉದ್ಯಮದಲ್ಲಿ ಕಾರ್ಬೊನೇಟ್, ಸಿಲಿಕೇಟ್, ಸಲ್ಫೇಟ್ ಖನಿಜಗಳನ್ನೂ ಸೇರಿಸಿ ಒಟ್ಟಾಗಿ 'ಆಕ್ಸೈಡ್ ಅದಿರು' ಎಂದೇ ಕರೆಯುವುದು ರೂಢಿ. ಈ ಲೇಖನದಲ್ಲೂ ಅದೇ ಅರ್ಥದಲ್ಲಿ ಬಳಸಲಾಗಿದೆ.

ಒಂದೇ ಗಣಿ, ಮೇಲೊಂದು ಕೆಳಗೊಂದು ಖನಿಜ

ಒಂದು ನಿಕ್ಷೇಪದಲ್ಲಿ ಒಂದೇ ಖನಿಜ ಇರುವುದಿಲ್ಲ. ಲಕ್ಷಾಂತರ ವರ್ಷ ಮಳೆನೀರು ಮತ್ತು ಗಾಳಿ ಬಂಡೆಯ ಬಿರುಕುಗಳಲ್ಲಿ ಇಳಿಯುತ್ತಾ ಹೋದಂತೆ ಮೇಲಿನ ಸಲ್ಫೈಡ್‌ಗಳು ಕೊಳೆಯುತ್ತವೆ. ಅದರಲ್ಲಿದ್ದ ಗಂಧಕ ಆಮ್ಲವಾಗುತ್ತದೆ, ತಾಮ್ರ ಅದರಲ್ಲಿ ಕರಗಿ ಕೆಳಗಿಳಿಯುತ್ತದೆ, ಕಬ್ಬಿಣ ತುಕ್ಕಿನ ಬಣ್ಣದಲ್ಲಿ ಮೇಲೆಯೇ ಉಳಿಯುತ್ತದೆ.

ಹೀಗಾಗಿ ಹಳೆಯ ನಿಕ್ಷೇಪಗಳಲ್ಲಿ ಸಾಮಾನ್ಯವಾಗಿ ನಾಲ್ಕು ಪದರಗಳು ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ತಾಮ್ರ ಸೋರಿಹೋದ ಕೆಂಪು ಟೋಪಿ. ಅದರ ಕೆಳಗೆ ಮ್ಯಾಲಕೈಟ್, ಕ್ರಿಸೊಕೊಲ್ಲಾ ಇರುವ ಆಕ್ಸೈಡ್ ಪದರ. ಅಂತರ್ಜಲ ಮಟ್ಟದ ಬಳಿ, ಮೇಲಿನಿಂದ ಇಳಿದ ತಾಮ್ರ ಮತ್ತೆ ಶೇಖರವಾಗಿ ಚಾಲ್ಕೋಸೈಟ್ ತುಂಬಿದ ಸಮೃದ್ಧ ಪದರ. ಅದರ ಕೆಳಗೆ ಬದಲಾಗದೆ ಉಳಿದ ಮೂಲ ಚಾಲ್ಕೋಪೈರೈಟ್.

ಪ್ರಾಚೀನ ಕಾಲದವರು ತಾಮ್ರ ಕಂಡುಕೊಂಡಿದ್ದು ಮೇಲಿನ ಹಸಿರು ಕಲ್ಲಿನಿಂದ. ಮ್ಯಾಲಕೈಟನ್ನು ಇದ್ದಿಲಿನ ಜೊತೆ ಕಾಯಿಸಿದರೆ ಲೋಹ ಸುಲಭವಾಗಿ ಬೇರ್ಪಡುತ್ತದೆ. ಇಂದಿನ ಗಣಿಗಳಿಗೆ ಅಷ್ಟು ಸುಲಭದ ಪದರ ಬಹುತೇಕ ಉಳಿದಿಲ್ಲ. ಗಣಿ ಆಳಕ್ಕಿಳಿದಂತೆ ಖನಿಜ ಬದಲಾಗುತ್ತದೆ. ಮೇಲಿನ ಪದರಕ್ಕೆಂದು ಕಟ್ಟಿದ ಘಟಕ ಕೆಳಗಿನ ಪದರಕ್ಕೆ ಉಪಯೋಗಕ್ಕೆ ಬಾರದೆ ಹೋಗಬಹುದು.

ದಾರಿ ಒಂದು: ನೊರೆಯಲ್ಲಿ ತೇಲಿಸುವುದು

ಸಲ್ಫೈಡ್ ಅದಿರಿಗೆ ಬಳಸುವ ಮುಖ್ಯ ವಿಧಾನ ಫ್ಲೋಟೇಶನ್, ಅಂದರೆ ನೊರೆಯಲ್ಲಿ ತೇಲಿಸುವುದು. ಅದಿರನ್ನು ನುಣ್ಣಗೆ ಅರೆದು ನೀರಿನಲ್ಲಿ ಕದಡುತ್ತಾರೆ. ಜೊತೆಗೆ ಕ್ಸಾಂಥೇಟ್‌ನಂಥ ರಾಸಾಯನಿಕ ಸೇರಿಸುತ್ತಾರೆ. ಇದು ಸಲ್ಫೈಡ್ ಕಣಗಳ ಮೈಗೆ ಅಂಟಿಕೊಂಡು ಅವು ನೀರನ್ನು ದೂರ ತಳ್ಳುವಂತೆ ಮಾಡುತ್ತದೆ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಜಾರುವುದನ್ನು ನೋಡಿದ್ದೀರಲ್ಲ, ಹಾಗೆ. ಕೆಳಗಿನಿಂದ ಗಾಳಿ ಊದಿದಾಗ ನೀರನ್ನು ಒಲ್ಲದ ಈ ಕಣಗಳು ಗುಳ್ಳೆಗೆ ಅಂಟಿ ಮೇಲಕ್ಕೆ ಬರುತ್ತವೆ. ಸಾಮಾನ್ಯ ಕಲ್ಲಿನ ಪುಡಿ ನೀರಿನಲ್ಲೇ ಉಳಿಯುತ್ತದೆ. ನೊರೆಯನ್ನು ಕೆರೆದು ಒಣಗಿಸಿದರೆ ಕಾನ್ಸಂಟ್ರೇಟ್, ಅಂದರೆ ಸಾಂದ್ರಿತ ಅದಿರು ಸಿದ್ಧ. ಅದು ಸ್ಮೆಲ್ಟರ್‌ಗೆ ಹೋಗುತ್ತದೆ. ಉಳಿದ ಕೆಸರು ಟೇಲಿಂಗ್ಸ್ ಕೊಳಕ್ಕೆ ಸೇರುತ್ತದೆ.

ಶುದ್ಧವಾದ, ದಪ್ಪ ಕಣಗಳ ಚಾಲ್ಕೋಪೈರೈಟ್ ಈ ವಿಧಾನಕ್ಕೆ ಹೇಳಿ ಮಾಡಿಸಿದಂತಿದೆ. ಶೇ. 85ರಿಂದ 95ರವರೆಗೆ ರಿಕವರಿ ಸಾಧ್ಯ. ಆದರೆ ಕ್ಸಾಂಥೇಟ್ ಆಕ್ಸೈಡ್ ಖನಿಜಗಳ ಮೈಗೆ ಸರಿಯಾಗಿ ಅಂಟುವುದಿಲ್ಲ. ಮ್ಯಾಲಕೈಟ್ ಆದರೆ ಸೋಡಿಯಂ ಹೈಡ್ರೋಸಲ್ಫೈಡ್ ಹಾಕಿ ಅದರ ಮೇಲ್ಮೈಗೆ ಸಲ್ಫೈಡ್ ಪೊರೆ ಹೊದಿಸಿ ತೇಲಿಸಬಹುದು. ಕಾಂಗೊ, ಜಾಂಬಿಯಾ ಗಣಿಗಳಲ್ಲಿ ಈ ತಂತ್ರ ಬಳಕೆಯಲ್ಲಿದೆ. ಕ್ರಿಸೊಕೊಲ್ಲಾ ಈ ಉಪಾಯಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಅದು ನೇರವಾಗಿ ಟೇಲಿಂಗ್ಸ್‌ಗೆ ಹೋಗುವುದೇ ಹೆಚ್ಚು.

ಯಾವ ಸಲ್ಫೈಡ್ ಎಂಬುದೂ ಮುಖ್ಯ. ಚಾಲ್ಕೋಪೈರೈಟ್‌ನಲ್ಲೇ ಶೇ. 34.6 ತಾಮ್ರ ಇರುವುದರಿಂದ ಅದರ ಕಾನ್ಸಂಟ್ರೇಟ್ ಎಷ್ಟು ಶುದ್ಧ ಮಾಡಿದರೂ ಆ ಮಿತಿ ದಾಟದು. ವಾಸ್ತವದಲ್ಲಿ ಶೇ. 25ರಿಂದ 30 ಇರುತ್ತದೆ. ಚಾಲ್ಕೋಸೈಟ್ ಹೆಚ್ಚಿರುವ ಅದಿರಿನಿಂದ ಶೇ. 50ರ ಕಾನ್ಸಂಟ್ರೇಟ್ ಕೂಡ ತೆಗೆಯಬಹುದು. ಒಂದು ಟನ್ ತಾಮ್ರ ಸಾಗಿಸಲು ಶೇ. 28ರ ಕಾನ್ಸಂಟ್ರೇಟ್ ಆದರೆ ಸುಮಾರು 3.6 ಟನ್ ಹೊರಬೇಕು. ಶೇ. 50ರದ್ದಾದರೆ 2 ಟನ್ ಸಾಕು. ಸಮುದ್ರ ದಾಟಿ ಸ್ಮೆಲ್ಟರ್ ತಲುಪಬೇಕಾದ ಸರಕಿನಲ್ಲಿ ಇದು ಸಣ್ಣ ಉಳಿತಾಯವಲ್ಲ.

ದಾರಿ ಎರಡು: ಆಮ್ಲದಲ್ಲಿ ಕರಗಿಸುವುದು

ಆಕ್ಸೈಡ್ ಅದಿರಿಗೆ ಬೇರೆಯದೇ ದಾರಿ. ಅದನ್ನು ಒಡೆದು ದೊಡ್ಡ ರಾಶಿ ಹಾಕಿ, ಮೇಲಿನಿಂದ ತೆಳುವಾದ ಗಂಧಕಾಮ್ಲವನ್ನು ಹನಿ ನೀರಾವರಿಯಂತೆ ಬಿಡುತ್ತಾರೆ. ಇದಕ್ಕೆ ಹೀಪ್ ಲೀಚಿಂಗ್ ಎಂದು ಹೆಸರು. ಇದರ ತತ್ವ ನಮ್ಮ ಅಡುಗೆಮನೆಯಲ್ಲೇ ಇದೆ. ತಾಮ್ರದ ತಂಬಿಗೆ ಕಿಲುಬು ಹಿಡಿದರೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವೆ. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ. ಕಿಲುಬಿನಲ್ಲಿರುವ ಹಸಿರು ತಾಮ್ರದ ಕಾರ್ಬೊನೇಟ್ ಮ್ಯಾಲಕೈಟ್‌ನ ಹತ್ತಿರದ ಬಂಧು.

ರಾಶಿಯ ಬುಡದಲ್ಲಿ ಸೋರಿ ಬರುವ ನೀಲಿ ದ್ರಾವಣದಲ್ಲಿ ಇರುವುದು ತಾಮ್ರದ ಸಲ್ಫೇಟ್. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತವೂ ಇದೇ ವಸ್ತು. ಈ ದ್ರಾವಣದಿಂದ ಸಾವಯವ ದ್ರಾವಕ ಬಳಸಿ ತಾಮ್ರವನ್ನಷ್ಟೇ ಹೆಕ್ಕಿ, ನಂತರ ವಿದ್ಯುತ್ ಹರಿಸಿ ಶೇ. 99.99 ಶುದ್ಧತೆಯ ತಾಮ್ರದ ಹಾಳೆ ಪಡೆಯುತ್ತಾರೆ. ಈ ಸಾಲ್ವೆಂಟ್ ಎಕ್ಸ್‌ಟ್ರ್ಯಾಕ್ಷನ್ ವಿಧಾನದ ಮೊದಲ ವಾಣಿಜ್ಯ ಘಟಕ 1968ರಲ್ಲಿ ಅಮೆರಿಕದ ಅರಿಜೋನಾದ ಬ್ಲೂಬರ್ಡ್ ಗಣಿಯಲ್ಲಿ ಆರಂಭವಾಯಿತು. ಇದರಲ್ಲಿ ಅದಿರನ್ನು ನುಣ್ಣಗೆ ಅರೆಯಬೇಕಿಲ್ಲ, ಸ್ಮೆಲ್ಟರ್ ಬೇಕಿಲ್ಲ. ಹಾಗಾಗಿ ಕಡಿಮೆ ಗ್ರೇಡಿನ ಅದಿರಿಗೂ ಬೆಲೆ ಬಂತು.

ಚಾಲ್ಕೋಸೈಟ್ ಸಲ್ಫೈಡ್ ಆದರೂ ಈ ದಾರಿಗೆ ಬರುತ್ತದೆ. ಆದರೆ ಬರೀ ಆಮ್ಲ ಸಾಲದು, ಫೆರಿಕ್ ಕಬ್ಬಿಣ ಬೇಕು. ಕಬ್ಬಿಣ ಮತ್ತು ಗಂಧಕವನ್ನು ಆಹಾರ ಮಾಡಿಕೊಂಡು ಬದುಕುವ ಬ್ಯಾಕ್ಟೀರಿಯಾಗಳು ಆ ಫೆರಿಕ್ ಕಬ್ಬಿಣವನ್ನು ಮತ್ತೆ ಮತ್ತೆ ತಯಾರಿಸಿಕೊಡುತ್ತವೆ. ಗಣಿಯಿಂದ ಹರಿಯುವ ಆಮ್ಲೀಯ ನೀರಿನಲ್ಲಿ ಇಂಥ ಬ್ಯಾಕ್ಟೀರಿಯಾ ಇರುವುದನ್ನು ವಿಜ್ಞಾನಿಗಳು 1947ರಲ್ಲಿ ವರದಿ ಮಾಡಿದರು. ಚಾಲ್ಕೋಸೈಟ್‌ನ ಮೊದಲ ಅರ್ಧ ತಾಮ್ರ ಬೇಗ ಕರಗುತ್ತದೆ. ಉಳಿದರ್ಧ ಕೋವೆಲೈಟ್‌ನಂಥ ರೂಪಕ್ಕೆ ತಿರುಗಿ ನಿಧಾನವಾಗುತ್ತದೆ. ಆಕ್ಸೈಡ್ ರಾಶಿಗೆ ವಾರಗಳಿಂದ ತಿಂಗಳುಗಳು ಸಾಕಾದರೆ, ಚಾಲ್ಕೋಸೈಟ್ ರಾಶಿಗೆ ಒಂದು ವರ್ಷ ದಾಟುವುದೂ ಉಂಟು.

ಆಮ್ಲಕ್ಕೆ ಬಗ್ಗದ ಚಾಲ್ಕೋಪೈರೈಟ್

ಚಾಲ್ಕೋಪೈರೈಟ್ ಕೂಡ ಹೀಗೆ ಕರಗುವಂತಿದ್ದರೆ ಜಗತ್ತಿನ ತಾಮ್ರ ಉದ್ಯಮದ ಚಿತ್ರವೇ ಬೇರೆ ಇರುತ್ತಿತ್ತು. ಸಾಮಾನ್ಯ ಉಷ್ಣಾಂಶದಲ್ಲಿ ಆಮ್ಲ ಮತ್ತು ಫೆರಿಕ್ ಕಬ್ಬಿಣ ತಾಗಿದಾಗ ಅದು ಸ್ವಲ್ಪ ಕರಗಿ, ಬಳಿಕ ಅದರ ಮೇಲ್ಮೈಯಲ್ಲಿ ಒಂದು ತೆಳು ಪೊರೆ ಕಟ್ಟುತ್ತದೆ. ಆ ಪೊರೆ ಒಳಗಿನ ಖನಿಜವನ್ನು ಆಮ್ಲದಿಂದ ಕಾಪಾಡುತ್ತದೆ. ಪೊರೆ ನಿಖರವಾಗಿ ಯಾವುದರಿಂದ ಆಗಿದೆ ಎಂಬ ಬಗ್ಗೆ ಸಂಶೋಧಕರ ನಡುವೆ ಇಂದಿಗೂ ಒಮ್ಮತವಿಲ್ಲ. ಪರಿಣಾಮ ಮಾತ್ರ ಸ್ಪಷ್ಟ: ಸಾಂಪ್ರದಾಯಿಕ ರಾಶಿಯಲ್ಲಿ ವರ್ಷಗಟ್ಟಲೆ ಆಮ್ಲ ಸುರಿದರೂ ಚಾಲ್ಕೋಪೈರೈಟ್‌ನ ದೊಡ್ಡ ಪಾಲು ತಾಮ್ರ ಒಳಗೇ ಉಳಿಯುತ್ತದೆ.

ರಾಶಿಯ ಉಷ್ಣಾಂಶ ಹೆಚ್ಚಿಸುವುದು, ಬಿಸಿಗೆ ಒಗ್ಗುವ ಬ್ಯಾಕ್ಟೀರಿಯಾ ಬಳಸುವುದು, ಕ್ಲೋರೈಡ್ ದ್ರಾವಣ, ಪೊರೆ ಕಟ್ಟದಂತೆ ತಡೆಯುವ ವೇಗವರ್ಧಕಗಳು, ಹೆಚ್ಚು ಒತ್ತಡದ ಬಿಸಿ ಪಾತ್ರೆಯಲ್ಲಿ ಕಾನ್ಸಂಟ್ರೇಟ್ ಕರಗಿಸುವುದು ಹೀಗೆ ಹಲವು ದಾರಿಗಳ ಮೇಲೆ ದೊಡ್ಡ ಕಂಪನಿಗಳು ಹಣ ಹೂಡುತ್ತಿವೆ. ಈಗಾಗಲೇ ಅಗೆದು ಪಕ್ಕಕ್ಕೆ ಸುರಿದ ಕಡಿಮೆ ಗ್ರೇಡಿನ ರಾಶಿಗಳಲ್ಲಿ ಸಿಕ್ಕಿಬಿದ್ದಿರುವ ತಾಮ್ರವೇ ಈ ಆಸಕ್ತಿಗೆ ಕಾರಣ.

ಕಣದ ಗಾತ್ರವೂ ಲೆಕ್ಕಕ್ಕೆ

ಖನಿಜ ಯಾವುದೆಂದು ಗೊತ್ತಾದರೆ ಸಾಲದು, ಅದು ಎಷ್ಟು ದೊಡ್ಡ ಕಣಗಳಲ್ಲಿ, ಯಾವುದಕ್ಕೆ ಅಂಟಿಕೊಂಡು ಕೂತಿದೆ ಎಂಬುದೂ ತಿಳಿಯಬೇಕು. ಕಣದಲ್ಲಿ ಹೊಟ್ಟು ಬಿಡದ ಕಾಳನ್ನು ಎಷ್ಟು ತೂರಿದರೂ ಪ್ರಯೋಜನವಿಲ್ಲ. ಮೊದಲು ಕಾಳು, ಹೊಟ್ಟು ಬೇರೆಯಾಗಬೇಕು. ಅದಿರನ್ನು ಅರೆಯುವುದೂ ಇದಕ್ಕಾಗಿಯೇ.

ತಾಮ್ರದ ಖನಿಜ ದಪ್ಪ ಕಣಗಳಲ್ಲಿದ್ದರೆ 150 ಮೈಕ್ರಾನ್ ಆಸುಪಾಸಿಗೆ ಅರೆದರೂ ಸಾಕಾಗುತ್ತದೆ. ಕಲ್ಲಿನೊಳಗೆ ಸೂಕ್ಷ್ಮ ಚುಕ್ಕೆಗಳಂತೆ ಹರಡಿದ್ದರೆ ಇನ್ನೂ ನುಣ್ಣಗೆ ಅರೆಯಬೇಕು. ಅರೆಯುವುದೇ ಸಾಂದ್ರೀಕರಣ ಘಟಕದಲ್ಲಿ ಅತಿ ಹೆಚ್ಚು ವಿದ್ಯುತ್ ನುಂಗುವ ಕೆಲಸ. ಹಾಗೆಂದು ಮಿತಿಮೀರಿ ಅರೆದರೂ ನಷ್ಟವೇ. ಸುಮಾರು 10 ಮೈಕ್ರಾನ್‌ಗಿಂತ ಸಣ್ಣ ಕಣಗಳು ಗಾಳಿಗುಳ್ಳೆಗೆ ಡಿಕ್ಕಿಯಾಗದೆ ನೀರಿನ ಜೊತೆ ಜಾರಿಕೊಂಡು ಹೋಗುತ್ತವೆ. ಚಾಲ್ಕೋಸೈಟ್ ಚಾಲ್ಕೋಪೈರೈಟ್‌ಗಿಂತ ಮೃದು. ಗಟ್ಟಿ ಕಲ್ಲಿನ ಜೊತೆ ಅರೆಯುವಾಗ ಅದು ಬೇಗ ಹಿಟ್ಟಾಗಿ ಕೈತಪ್ಪುವ ಅಪಾಯ ಹೆಚ್ಚು.

ತಾಮ್ರವಿಲ್ಲದ ಖನಿಜಗಳ ಕಾಟ

ಅದಿರಿನ ಶೇ. 90ಕ್ಕೂ ಹೆಚ್ಚು ಭಾಗ ತಾಮ್ರಕ್ಕೆ ಸಂಬಂಧವಿಲ್ಲದ ಕಲ್ಲು. ಅದು ಸುಮ್ಮನೆ ಇರುವುದಿಲ್ಲ.

ಪೈರೈಟ್: ಕಬ್ಬಿಣ ಮತ್ತು ಗಂಧಕದ ಈ ಖನಿಜವೂ ಸಲ್ಫೈಡ್. ಬಿಟ್ಟರೆ ತಾಮ್ರದ ಜೊತೆ ತಾನೂ ತೇಲಿ ಕಾನ್ಸಂಟ್ರೇಟನ್ನು ಕೆಡಿಸುತ್ತದೆ. ಸುಣ್ಣ ಹಾಕಿ ಪಿಎಚ್ ಹೆಚ್ಚಿಸಿ ಅದನ್ನು ಅದುಮುತ್ತಾರೆ. ಆದರೆ ಅದಿರಿನಲ್ಲಿ ಚಾಲ್ಕೋಸೈಟ್ ಅಥವಾ ಆಕ್ಸೈಡ್ ಇದ್ದರೆ ಅವುಗಳಿಂದ ನೀರಿಗೆ ಬಿಡುಗಡೆಯಾದ ತಾಮ್ರ ಪೈರೈಟ್ ಮೈಗೆ ಅಂಟುತ್ತದೆ. ಆಗ ಪೈರೈಟ್ ಕೂಡ ತಾಮ್ರದ ಖನಿಜದಂತೆಯೇ ವರ್ತಿಸತೊಡಗುತ್ತದೆ.

ಜೇಡಿ ಮತ್ತು ಟಾಲ್ಕ್: ಜೇಡಿ ಖನಿಜಗಳು ಕೆಸರನ್ನು ಅಂಟುಅಂಟಾಗಿಸಿ ಗುಳ್ಳೆಗಳ ದಾರಿ ಮುಚ್ಚುತ್ತವೆ. ಲೀಚಿಂಗ್ ರಾಶಿಯಲ್ಲಿ ದ್ರಾವಣ ಇಳಿಯದಂತೆ ತಡೆಯುತ್ತವೆ. ಟಾಲ್ಕ್ ಯಾವ ರಾಸಾಯನಿಕವೂ ಇಲ್ಲದೆ ತಾನಾಗಿಯೇ ತೇಲುತ್ತದೆ.

ಕ್ಯಾಲ್ಸೈಟ್, ಡಾಲಮೈಟ್: ಲೀಚಿಂಗ್‌ಗೆ ದೊಡ್ಡ ಶತ್ರುಗಳು ಇವೇ. ಒಂದು ಕೆ.ಜಿ. ಕ್ಯಾಲ್ಸೈಟ್ ಹೆಚ್ಚುಕಡಿಮೆ ಒಂದು ಕೆ.ಜಿ. ಗಂಧಕಾಮ್ಲವನ್ನು ನುಂಗುತ್ತದೆ. ಅದಿರಿನಲ್ಲಿ ಶೇ. 5ರಷ್ಟು ಕ್ಯಾಲ್ಸೈಟ್ ಇದ್ದರೆ ಪ್ರತಿ ಟನ್‌ಗೆ ಸುಮಾರು 49 ಕೆ.ಜಿ. ಆಮ್ಲ ಹೋಯಿತು. ಶೇ. 1 ಗ್ರೇಡಿನ ಅದೇ ಟನ್‌ನಲ್ಲಿ ಇರುವ ತಾಮ್ರ 10 ಕೆ.ಜಿ. ಮಾತ್ರ. ತಾಮ್ರ ಕರಗಿಸಲು ಬಳಸಿದ ಆಮ್ಲ ಕೊನೆಯಲ್ಲಿ ವಿದ್ಯುತ್ ಹಾಯಿಸುವ ಹಂತದಲ್ಲಿ ಮತ್ತೆ ಹುಟ್ಟುತ್ತದೆ. ಕ್ಯಾಲ್ಸೈಟ್ ನುಂಗಿದ ಆಮ್ಲ ಜಿಪ್ಸಂ ಆಗಿ ರಾಶಿಯಲ್ಲೇ ಉಳಿಯುತ್ತದೆ, ಮರಳುವುದಿಲ್ಲ. ಇಂಥ ಅದಿರಿನಲ್ಲಿ ತಾಮ್ರ ಕರಗಿದರೂ ಲೆಕ್ಕ ಕೂಡಿಬರದೆ ಹೋಗಬಹುದು.

ಆರ್ಸೆನಿಕ್ ಇದ್ದರೆ ಕೊಳ್ಳುವವರೇ ಇಲ್ಲ

ಎನಾರ್ಗೈಟ್ ಚೆನ್ನಾಗಿಯೇ ತೇಲುತ್ತದೆ. ರಿಕವರಿ ಅಂಕಿಯೂ ಚೆನ್ನಾಗಿಯೇ ಕಾಣುತ್ತದೆ. ಸಮಸ್ಯೆ ಬರುವುದು ಮಾರುಕಟ್ಟೆಯಲ್ಲಿ. ಅದರ ಜೊತೆ ತೇಲಿಬಂದ ಆರ್ಸೆನಿಕ್ ಸ್ಮೆಲ್ಟರ್‌ನಲ್ಲಿ ವಿಷಕಾರಿ ಹೊಗೆ ಮತ್ತು ದೂಳಾಗುತ್ತದೆ. ಅದನ್ನು ಹಿಡಿದು ಸುರಕ್ಷಿತವಾಗಿ ಹೂಳುವುದು ದುಬಾರಿ. ಆದ್ದರಿಂದ ಸ್ಮೆಲ್ಟರ್‌ಗಳು ಆರ್ಸೆನಿಕ್ ಹೆಚ್ಚಾದಂತೆ ದಂಡ ಕಡಿತ ಮಾಡುತ್ತವೆ. ಜಗತ್ತಿನ ಅತಿ ದೊಡ್ಡ ಖರೀದಿದಾರ ದೇಶವಾದ ಚೀನಾ ಶೇ. 0.5ಕ್ಕಿಂತ ಹೆಚ್ಚು ಆರ್ಸೆನಿಕ್ ಇರುವ ತಾಮ್ರದ ಕಾನ್ಸಂಟ್ರೇಟ್ ಆಮದಿಗೆ ಅವಕಾಶ ಕೊಡುವುದಿಲ್ಲ. ಚಿಲಿಯ ಸರ್ಕಾರಿ ಕಂಪನಿ ಕೊಡೆಲ್ಕೊ ತನ್ನ ಮಿನಿಸ್ಟ್ರೊ ಹೇಲ್ಸ್ ಗಣಿಯ ಕಾನ್ಸಂಟ್ರೇಟನ್ನು ಮೊದಲು ಹುರಿದು ಆರ್ಸೆನಿಕ್ ಬಿಡಿಸಲು ಪ್ರತ್ಯೇಕ ಘಟಕವನ್ನೇ ಕಟ್ಟಬೇಕಾಯಿತು.

ಖನಿಜ ಬದಲಾದಾಗ ಏನಾಗುತ್ತದೆ? ಮೂರು ಗಣಿಗಳ ಕಥೆ

ಚುಕಿಕಮಾಟಾ, ಚಿಲಿ: ಅಟಕಾಮಾ ಮರುಭೂಮಿಯ ಈ ಬೃಹತ್ ಗಣಿಯಲ್ಲಿ 1915ರಲ್ಲಿ ದೊಡ್ಡ ಪ್ರಮಾಣದ ಉತ್ಪಾದನೆ ಆರಂಭವಾದಾಗ ಮೇಲಿದ್ದದ್ದು ಆಮ್ಲದಲ್ಲಿ ಸುಲಭವಾಗಿ ಕರಗುವ ಆಕ್ಸೈಡ್ ಅದಿರು. ಅದನ್ನು ಗಂಧಕಾಮ್ಲದ ತೊಟ್ಟಿಗಳಲ್ಲಿ ಕರಗಿಸಿ ವಿದ್ಯುತ್ತಿನಿಂದ ತಾಮ್ರ ತೆಗೆಯಲಾಗುತ್ತಿತ್ತು. ಗಣಿ ಆಳವಾದಂತೆ ಸಲ್ಫೈಡ್ ಸಿಗತೊಡಗಿತು. 1952ರಲ್ಲಿ ಸಲ್ಫೈಡ್‌ಗೆಂದೇ ಹೊಸ ಘಟಕ ಬಂತು. ಆ ಸಲ್ಫೈಡ್‌ನ ಜೊತೆ ಎನಾರ್ಗೈಟ್ ಕೂಡ ಇದ್ದುದರಿಂದ ಆರ್ಸೆನಿಕ್ ನಿಭಾಯಿಸುವ ತಲೆನೋವೂ ಬಂತು.

ಕೆಬ್ರಾಡಾ ಬ್ಲಾಂಕಾ, ಚಿಲಿ: ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿದೆ. 1994ರಲ್ಲಿ ಇಲ್ಲಿ ಚಾಲ್ಕೋಸೈಟ್ ಪದರದ ಅದಿರನ್ನು ರಾಶಿ ಹಾಕಿ, ಬ್ಯಾಕ್ಟೀರಿಯಾ ನೆರವಿನಿಂದ ಕರಗಿಸುವ ಕೆಲಸ ಶುರುವಾಯಿತು. ಚಳಿ ಮತ್ತು ತೆಳುಗಾಳಿಯಿರುವ ಆ ಎತ್ತರದಲ್ಲಿ ಬ್ಯಾಕ್ಟೀರಿಯಾ ಕೆಲಸ ಮಾಡಬಲ್ಲದು ಎಂದು ತೋರಿಸಿದ ಗಣಿ ಇದು. ಸಮೃದ್ಧ ಪದರ ಮುಗಿಯುತ್ತಾ ಬಂದಾಗ ಕೆಳಗೆ ಉಳಿದದ್ದು ಚಾಲ್ಕೋಪೈರೈಟ್. ಹಳೆಯ ಲೀಚಿಂಗ್ ವ್ಯವಸ್ಥೆ ಅದಕ್ಕೆ ಉಪಯೋಗವಿಲ್ಲ. ಸಮುದ್ರದ ನೀರನ್ನು ಸಿಹಿ ಮಾಡಿ ಬೆಟ್ಟದ ಮೇಲಕ್ಕೆ ಪಂಪ್ ಮಾಡುವ ವ್ಯವಸ್ಥೆ ಸೇರಿ, ಹೊಸ ಫ್ಲೋಟೇಶನ್ ಘಟಕಕ್ಕೆ ಟೆಕ್ ಕಂಪನಿ 8 ಶತಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿತು. 2023ರಲ್ಲಿ ಅದರಿಂದ ಮೊದಲ ಕಾನ್ಸಂಟ್ರೇಟ್ ಬಂತು. ಒಂದೇ ಗಣಿ, ಒಂದೇ ಲೋಹ. ಖನಿಜ ಬದಲಾದದ್ದಕ್ಕೆ ತೆತ್ತ ಬೆಲೆ ಇದು.

ಎನ್‌ಚಾಂಗಾ, ಜಾಂಬಿಯಾ: ವೇದಾಂತ ಸಮೂಹದ ಕೊಂಕೊಲಾ ಕಾಪರ್ ಮೈನ್ಸ್‌ನ ಈ ಗಣಿ ಪ್ರದೇಶದಲ್ಲಿ 'ಚಿಂಗೋಲಾ ರಿಫ್ರ್ಯಾಕ್ಟರಿ' ಎಂಬ ಅದಿರಿನ ದೊಡ್ಡ ರಾಶಿಗಳಿವೆ. ಇವುಗಳಲ್ಲಿ ತಾಮ್ರದ ಒಂದು ಪಾಲು ಕಾಗೆಬಂಗಾರದಂಥ ಮೈಕಾ ಖನಿಜದ ಪದರಗಳ ಒಳಗೆ ಸೇರಿಕೊಂಡಿದೆ. ಅದು ತೇಲುವುದೂ ಇಲ್ಲ, ಸಾಮಾನ್ಯ ಆಮ್ಲದಲ್ಲಿ ಪೂರ್ತಿ ಕರಗುವುದೂ ಇಲ್ಲ. ಹಾಗಾಗಿ ಗ್ರೇಡ್ ಇದ್ದೂ ಈ ಅದಿರನ್ನು ದಶಕಗಳ ಕಾಲ ಪಕ್ಕಕ್ಕೆ ಸುರಿಯಲಾಯಿತು.

ಭಾರತದ ಅದಿರು ಎಂಥದ್ದು?

ನಮ್ಮ ದೇಶದ ಮುಖ್ಯ ತಾಮ್ರ ಗಣಿಗಳು 1967ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಕಾಪರ್ ಸಂಸ್ಥೆಯ ಕೈಯಲ್ಲಿವೆ. ಮಧ್ಯಪ್ರದೇಶದ ಬಾಲಾಘಾಟ್ ಜಿಲ್ಲೆಯ ಮಲಾಂಜ್‌ಖಂಡ್, ರಾಜಸ್ಥಾನದ ಖೇತ್ರಿ, ಜಾರ್ಖಂಡ್‌ನ ಸಿಂಗ್‌ಭೂಮ್ ಇವುಗಳಲ್ಲಿ ಪ್ರಮುಖ. ಅದಿರಿನ ಗ್ರೇಡ್ ಸಾಮಾನ್ಯವಾಗಿ ಶೇ. 1ರ ಆಸುಪಾಸು. ಮೂರೂ ಕಡೆ ಮುಖ್ಯ ಖನಿಜ ಚಾಲ್ಕೋಪೈರೈಟ್, ಮೂರೂ ಕಡೆ ಫ್ಲೋಟೇಶನ್ ದಾರಿ. ಆದರೆ ಜೊತೆಗಿರುವ ಖನಿಜಗಳು ಬೇರೆ.

ಮಲಾಂಜ್‌ಖಂಡ್‌ನಲ್ಲಿ ಚಾಲ್ಕೋಪೈರೈಟ್ ಕ್ವಾರ್ಟ್ಜ್ ಶಿಲೆಯ ಉದ್ದನೆಯ ಪಟ್ಟಿಯಲ್ಲಿ ಕೂತಿದೆ. ಮೇಲ್ಭಾಗದಲ್ಲಿ ಮ್ಯಾಲಕೈಟ್, ಚಾಲ್ಕೋಸೈಟ್ ಪದರಗಳಿದ್ದವು. 1982ರಲ್ಲಿ ತೆರೆದ ಗಣಿಯಾಗಿ ಆರಂಭವಾದ ಇದು ಈಗ ನೆಲದಡಿಯ ಗಣಿಯಾಗುತ್ತಿದೆ. ಖೇತ್ರಿಯಲ್ಲಿ ಪೈರೈಟ್ ಜೊತೆ ಪಿರೊಟೈಟ್ ಎಂಬ ಇನ್ನೊಂದು ಕಬ್ಬಿಣದ ಸಲ್ಫೈಡ್ ಇದೆ. ಅದು ನೀರಿನಲ್ಲಿರುವ ಆಮ್ಲಜನಕವನ್ನು ಬೇಗ ಕಬಳಿಸುತ್ತದೆ. ಹಾಗಾಗಿ ರಾಸಾಯನಿಕಗಳ ಪ್ರಮಾಣ ಸರಿದೂಗಿಸುವುದು ಕಷ್ಟದ ಕೆಲಸ. ಸಿಂಗ್‌ಭೂಮ್ ಅದಿರಿನಲ್ಲಿ ಅಲ್ಪ ಪ್ರಮಾಣದ ಯುರೇನಿಯಂ ಇದೆ. ರಾಖಾ, ಸುರ್ದಾ, ಮೊಸಾಬನಿ ತಾಮ್ರ ಘಟಕಗಳ ಟೇಲಿಂಗ್ಸ್‌ನಿಂದ ಯುರೇನಿಯಂ ಹೆಕ್ಕುವ ಘಟಕಗಳನ್ನು ಯುರೇನಿಯಂ ಕಾರ್ಪೊರೇಷನ್ ನಡೆಸಿತ್ತು. ಒಂದು ಗಣಿಯ ಕಸ ಮತ್ತೊಂದು ಸಂಸ್ಥೆಗೆ ಅದಿರಾಯಿತು.

ಕರ್ನಾಟಕಕ್ಕೂ ತಾಮ್ರದ ನಂಟಿದೆ. ಚಿತ್ರದುರ್ಗದ ಬಳಿಯ ಇಂಗಳದಾಳ್‌ನಲ್ಲಿ ರಾಜ್ಯ ಸರ್ಕಾರದ ಸಂಸ್ಥೆ ತಾಮ್ರ ತೆಗೆಯುತ್ತಿತ್ತು. ನಂತರ ಅದು ಹಟ್ಟಿ ಚಿನ್ನದ ಗಣಿ ಕಂಪನಿಯೊಳಗೆ ಸೇರಿತು. ಅಲ್ಲಿಯೂ ಚಾಲ್ಕೋಪೈರೈಟ್ ಜೊತೆ ಪೈರೈಟ್, ಪಿರೊಟೈಟ್ ಬೆರೆತಿದ್ದವು. ಹಾಸನ ಜಿಲ್ಲೆಯ ಕಲ್ಯಾಡಿಯಲ್ಲೂ ತಾಮ್ರದ ಅದಿರಿದೆ.

ದೇಶದ ಬೇಡಿಕೆಗೆ ಈ ಗಣಿಗಳು ಸಾಲುವುದಿಲ್ಲ. ಗುಜರಾತಿನ ದಹೇಜ್ ಮತ್ತು ಮುಂದ್ರಾದ ದೊಡ್ಡ ಸ್ಮೆಲ್ಟರ್‌ಗಳು ಮುಖ್ಯವಾಗಿ ಆಮದು ಕಾನ್ಸಂಟ್ರೇಟನ್ನೇ ನಂಬಿವೆ. ಅಂದರೆ ದೂರದ ಗಣಿಯ ಖನಿಜ ಬದಲಾದರೆ, ಅದರಲ್ಲಿ ಆರ್ಸೆನಿಕ್ ಹೆಚ್ಚಿದರೆ ಅಥವಾ ತಾಮ್ರದ ಪ್ರಮಾಣ ಇಳಿದರೆ ಅದರ ಬಿಸಿ ಇಲ್ಲಿಗೂ ತಟ್ಟುತ್ತದೆ.

ಖನಿಜ ಯಾವುದೆಂದು ಪತ್ತೆ ಹಚ್ಚುವುದು ಹೇಗೆ?

ಕೊರೆದು ತೆಗೆದ ಬಂಡೆಯ ಮಾದರಿಯಲ್ಲಿ ಒಟ್ಟು ತಾಮ್ರವನ್ನು ಅಳೆದರೆ ಗ್ರೇಡ್ ಮಾತ್ರ ತಿಳಿಯುತ್ತದೆ. ಖನಿಜ ತಿಳಿಯಲು ಮೂರು ಹಂತದ ಪರೀಕ್ಷೆ ಮಾಡುತ್ತಾರೆ. ಮೊದಲು ತೆಳು ಗಂಧಕಾಮ್ಲದಲ್ಲಿ ಕರಗಿದ್ದು ಎಷ್ಟು ಎಂದು ನೋಡುತ್ತಾರೆ. ಅದು ಬಹುತೇಕ ಆಕ್ಸೈಡ್. ನಂತರ ಸಯನೈಡ್ ದ್ರಾವಣದಲ್ಲಿ ಕರಗಿದ್ದು ಚಾಲ್ಕೋಸೈಟ್, ಕೋವೆಲೈಟ್, ಬೋರ್ನೈಟ್ ಗುಂಪಿನದು. ಕೊನೆಗೂ ಕರಗದೆ ಉಳಿದದ್ದು ಮುಖ್ಯವಾಗಿ ಚಾಲ್ಕೋಪೈರೈಟ್.

ಇದರ ಜೊತೆಗೆ ಕಣಗಳ ಗಾತ್ರ ಮತ್ತು ಅಂಟಿಕೊಂಡಿರುವ ರೀತಿ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆಧರಿಸಿದ ಸ್ವಯಂಚಾಲಿತ ಯಂತ್ರಗಳಿವೆ. ಆಸ್ಟ್ರೇಲಿಯಾದ ಸಂಶೋಧಕರು ಅಭಿವೃದ್ಧಿಪಡಿಸಿದ ಕ್ಯೂಎಂಸ್ಕ್ಯಾನ್ ಇವುಗಳಲ್ಲಿ ಹೆಸರುವಾಸಿ. ಬಳಿಕ ಪ್ರಯೋಗಾಲಯದಲ್ಲಿ ಸಣ್ಣ ಪ್ರಮಾಣದ ಫ್ಲೋಟೇಶನ್, ಎತ್ತರದ ಕೊಳವೆಗಳಲ್ಲಿ ಲೀಚಿಂಗ್ ಪರೀಕ್ಷೆ ನಡೆಯುತ್ತದೆ. ಈ ಮಾಹಿತಿಯನ್ನೆಲ್ಲ ಗಣಿಯ ನಕ್ಷೆಗೆ ಜೋಡಿಸಿ, ಯಾವ ವರ್ಷ ಯಾವ ಭಾಗ ಅಗೆದರೆ ಎಷ್ಟು ರಿಕವರಿ ಎಂದು ಮುಂಚೆಯೇ ಲೆಕ್ಕ ಹಾಕುವ ಶಾಸ್ತ್ರಕ್ಕೆ ಜಿಯೊಮೆಟಲರ್ಜಿ ಎಂದು ಹೆಸರು.

ಗಣಿ ಸುದ್ದಿ ಓದುವಾಗ ಕೇಳಬೇಕಾದ ಪ್ರಶ್ನೆಗಳು

ಷೇರು ಹೂಡಿಕೆದಾರರಿರಲಿ, ಸುದ್ದಿ ಓದುಗರಿರಲಿ, ತಾಮ್ರದ ನಿಕ್ಷೇಪದ ಬಗ್ಗೆ ಓದುವಾಗ ಈ ಐದು ಪ್ರಶ್ನೆಗಳು ನೆರವಾಗುತ್ತವೆ:

1. ಹೇಳಿರುವ ಗ್ರೇಡ್ ಒಟ್ಟು ತಾಮ್ರದ್ದೋ, ಹೊರತೆಗೆಯಬಹುದಾದ ತಾಮ್ರದ್ದೋ?
2. ಅದಿರು ಆಕ್ಸೈಡ್, ಚಾಲ್ಕೋಸೈಟ್, ಚಾಲ್ಕೋಪೈರೈಟ್ ಅಥವಾ ಮಿಶ್ರಣವೋ? ಆಳಕ್ಕಿಳಿದಂತೆ ಬದಲಾಗುತ್ತದೆಯೇ?
3. ಜೊತೆಗೆ ಪೈರೈಟ್, ಜೇಡಿ, ಕ್ಯಾಲ್ಸೈಟ್ ಎಷ್ಟಿದೆ?
4. ಆರ್ಸೆನಿಕ್‌ನಂಥ ದಂಡ ತರುವ ಧಾತುಗಳಿವೆಯೇ? ಚಿನ್ನ, ಬೆಳ್ಳಿ, ಮಾಲಿಬ್ಡಿನಂನಂಥ ಲಾಭ ತರುವ ಲೋಹಗಳಿವೆಯೇ?
5. ರಿಕವರಿ ಅಂಕಿ ಪ್ರಯೋಗಾಲಯದ್ದೋ, ನಡೆಯುತ್ತಿರುವ ಘಟಕದ್ದೋ?

ಕೊನೆಯ ಪ್ರಶ್ನೆಗೆ ವಿಶೇಷ ಗಮನ ಬೇಕು. ಪ್ರಯೋಗಾಲಯದಲ್ಲಿ ಆಯ್ದ ಮಾದರಿಗೆ ಬಂದ ರಿಕವರಿ, ಗಣಿಯಲ್ಲಿ ದಿನವೂ ಬದಲಾಗುವ ಅದಿರಿಗೆ ಬರುತ್ತದೆ ಎಂಬ ಖಾತರಿಯಿಲ್ಲ. ಕಾನ್ಸಂಟ್ರೇಟ್ ಆದ ಮೇಲೂ ಸ್ಮೆಲ್ಟರ್‌ನಲ್ಲಿ ಶೇ. 2–3ರಷ್ಟು ತಾಮ್ರ ಕಿಟ್ಟದ ಜೊತೆ ಹೋಗುತ್ತದೆ.

ಗಣಿಯಲ್ಲಿ ಬಿಟ್ಟುಹೋದ ತಾಮ್ರ ಕಂಪನಿಯ ಲೆಕ್ಕಪುಸ್ತಕದ ನಷ್ಟವಷ್ಟೇ ಅಲ್ಲ. ಅದು ಟೇಲಿಂಗ್ಸ್ ಕೊಳದಲ್ಲಿ, ಬದಿಯ ರಾಶಿಯಲ್ಲಿ ಉಳಿಯುತ್ತದೆ. ಜೊತೆಗಿರುವ ಪೈರೈಟ್ ಮಳೆ, ಗಾಳಿಗೆ ಒಡ್ಡಿಕೊಂಡು ಆಮ್ಲ ಸುರಿಸುತ್ತದೆ, ಆ ಆಮ್ಲ ತಾಮ್ರವನ್ನು ಕರಗಿಸಿ ಹಳ್ಳಕೊಳ್ಳ ಸೇರಿಸುತ್ತದೆ. ನಮ್ಮ ಗಣಿಗಳ ಒಂದು ಟನ್ ಬಂಡೆಯಲ್ಲಿ ಇರುವುದೇ ಸುಮಾರು 10 ಕೆ.ಜಿ. ತಾಮ್ರ. ಅದರಲ್ಲಿ 9 ಕೆ.ಜಿ. ಸಿಗುತ್ತದೋ, 7 ಕೆ.ಜಿ. ಸಿಗುತ್ತದೋ ಎಂಬುದು ಗಣಿ ತೋಡುವ ಮೊದಲೇ ಬಂಡೆಯ ಖನಿಜದಲ್ಲಿ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಅದನ್ನು ಮುಂಚೆಯೇ ಓದಿಕೊಂಡು ಘಟಕ ಕಟ್ಟಿದರೆ ಲೋಹವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ, ಗಣಿಯ ಕೆಳಗಿನ ಊರಿನ ನೀರೂ ಉಳಿಯುತ್ತದೆ.